ಬಾಗಿಲಿಗೆ ಬೆನ್ನು ಕೊಟ್ಟು ಕೂತವರು

ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ದೊಡ್ಡಮ್ಮನ ಮಗಳು ಕೆಲಸ ಮುಗಿಸಿ ಒಬ್ಬಳೇ ನಡಕೊಂಡು ಮನೆಗೆ ಬರ್ತಿದ್ಲು. ನಾನು ಅವಳನ್ನ ಅಕ್ಕ ಅಂತಲೇ ಕರೆಯೋದು, ಇಲ್ಲೂ ಹಾಗೇ ಹೇಳ್ತೀನಿ. ದಾರೀಲಿ ಒಂದು ಬಾವಿ ಸಿಗುತ್ತೆ. ನೀರು ಸೇದೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಆದ್ರೆ ರಾಟೆ ಮಾತ್ರ ಹಾಗೇ ಇದೆ. ಗಾಳಿ ಬೀಸಿದಾಗ ಕಿರ್ರ್... ಅನ್ನುತ್ತೆ. ಸುಮ್ಮನಾಗುತ್ತೆ. ಆಮೇಲೆ ಮತ್ತೆ... ಕಿರ್ರ್.

ಅವಳು ಬಾವಿಕಟ್ಟೆ ದಾಟೋದಕ್ಕೂ ಫೋನ್ ಬಡಕೊಳ್ಳೋದಕ್ಕೂ ಸರಿಹೋಯ್ತು.

"ಸಿಸ್ಟರ್..." ಹೆಂಗಸಿನ ಪಿಸುದನಿ. "ಬನ್ನಿ. ಅವಳು ಒಬ್ಬಳೇ ಇದಾಳೆ."

"ಒಬ್ಬರೇನಾ? ನೀವೆಲ್ಲಿದೀರಿ?"

ಆ ಕಡೆ ಎಲ್ಲೋ ನೀರು ತೊಟ್ಟಿಕ್ಕೋ ಸದ್ದು. ತಟ್... ತಟ್...

"ಇಲ್ಲೇ ಇದೀನಿ," ಅಂದ್ರು. "ಬನ್ನಿ."

ಅಷ್ಟೇ. ಕಟ್ಟಾಯ್ತು.

ಯಾರ ಫೋನು ಅಂತ ಅಕ್ಕನಿಗೆ ಗೊತ್ತಾಯ್ತು. ನಿಮಗೆ ಗೊತ್ತಾಗಬೇಕಾದ್ರೆ ಅಕ್ಕನ ಕೆಲಸ ಏನು ಅಂತ ಮೊದಲು ಹೇಳಬೇಕು.

ಅವಳು ನರ್ಸು. ಇಪ್ಪತ್ತು ವರ್ಷ ದೊಡ್ಡ ಆಸ್ಪತ್ರೇಲಿ ದುಡಿದಳು. ಅಲ್ಲಿ ಒಂದು ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. "ಇನ್ನೇನೂ ಮಾಡೋ ಹಾಗಿಲ್ಲ, ಮನೆಗೆ ಕರಕೊಂಡು ಹೋಗಿ." ಮನೆಗೆ ಕರಕೊಂಡು ಹೋಗಿ ಏನು ಮಾಡಬೇಕು? ನೋವಲ್ಲಿ ಕಿರುಚೋರನ್ನ ಇಟ್ಕೊಂಡು ಮನೆಯವರು ಎಲ್ಲಿಗೆ ಹೋಗಬೇಕು? ಅಲ್ಲೇ ಇದ್ದ ಒಬ್ಬ ವಯಸ್ಸಾದ ಡಾಕ್ಟರನ್ನ ಹಿಡಿದು ಇವಳೇ ಒಂದು ಕೇಂದ್ರ ಶುರು ಮಾಡಿದ್ಲು. ಪ್ಯಾಲಿಯೇಟಿವ್ ಕೇರ್ ಅಂತಾರಲ್ಲ, ಅದು. ವಾಸಿಯಾಗಲ್ಲ ಅಂತ ಗೊತ್ತಾದ ಮೇಲೂ ನೋವು ಇಳಿಸಿ, ಹುಣ್ಣು ತೊಳೆದು, ಕೊನೇವರೆಗೂ ಜೊತೆಗಿರೋದು. ಹಳೇ ಕಟ್ಟಡದ ಕೆಳಗಿನ ಮಹಡೀಲಿ ಆರು ಹಾಸಿಗೆ, ಒಂದು ವ್ಯಾನು, ನಾಲ್ಕು ಜನ ನರ್ಸು. ಹಾಸಿಗೆ ಆರೇ ಆದ್ರೂ, ಮನೆಮನೆಗೆ ಹೋಗಿ ನೋಡೋ ರೋಗಿಗಳು ನಲವತ್ತು. ನೋವಿಗೆ ಕೊಡೋ ಮತ್ತಿನ ಔಷಧಿ ಮಾರ್ಫಿನ್ ಇಡೋಕೆ ಪರವಾನಗಿ ಸಿಗೋಕೇ ಹದಿನಾಲ್ಕು ತಿಂಗಳು ಓಡಾಡಿದ್ಲು. ಕಬ್ಬಿಣದ ಕಪಾಟು, ಎರಡು ಬೀಗ, ಎರಡು ಕೀಲಿ, ಒಂದೊಂದು ಒಬ್ಬೊಬ್ಬರ ಹತ್ತಿರ. "ಸಾಯೋರಿಗೂ ಒಂದು ಆಫೀಸ್ ತೆಗೆದಿದಾಳೆ ನೋಡಿ," ಅಂತ ಜನ ನಕ್ಕರು. ನಕ್ಕವರೇ ಆಮೇಲೆ ಬಾಗಿಲಿಗೆ ಬಂದ್ರು.

ರಾತ್ರಿ ಹೊತ್ತು ಯಾರಿಗಾದ್ರೂ ನೋವು ಹೆಚ್ಚಾದ್ರೆ ಅಂತ ಒಂದು ನಂಬರ್ ಕೊಟ್ಟಿದ್ರು. ಆ ಫೋನು ಸದಾ ಅಕ್ಕನ ಹತ್ತಿರ. ಸ್ವಂತಕ್ಕೆ ಅಂತ ಬೇರೆ ಫೋನೇ ಇರಲಿಲ್ಲ. ನಮ್ಮ ಭಾವ ಅಂತಿದ್ರು, "ನಾನು ಎರಡನೇ ಸಂಬಂಧ ಕಣಮ್ಮ, ಮೊದಲನೇದು ಆ ಫೋನು."

ಆವತ್ತು ಫೋನ್ ಮಾಡಿದ್ದು ಗಡಿಯಾರದ ಅತ್ತಿಗೆ.

ಅದು ನರ್ಸುಗಳು ಇಟ್ಟ ಹೆಸರು. ಹೊಲಿಗೆ ಕಲಿಸ್ತಿದ್ದ ಒಬ್ಬ ಟೀಚರ್‌ಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಕೈಗಳಲ್ಲೂ ಬಲ ಇಲ್ಲ. ಮನೇಲಿ ಇನ್ನಿದ್ದದ್ದು ಅವರ ಅತ್ತಿಗೆ ಒಬ್ಬರೇ. ಅಣ್ಣ ತೀರಿಹೋಗಿ ಮೂವತ್ತು ವರ್ಷ, ಆವತ್ತಿಂದ ಇಬ್ಬರೇ ಹೆಂಗಸರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ ಅಂತ ಹೇಳಿಕೊಟ್ಟಿದ್ರು. ಅತ್ತಿಗೆ ಒಂದು ನಿಮಿಷ ಆಚೆ ಈಚೆ ಮಾಡಿದವರಲ್ಲ. ಹಗಲು, ರಾತ್ರಿ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಹನ್ನೊಂದು ತಿಂಗಳು.

ಹಿಂದಿನ ವಾರ ಅತ್ತಿಗೆ ಆಫೀಸಿಗೆ ಬಂದಿದ್ರು. ಕುರ್ಚಿ ಕೊಟ್ರೂ ಕೂರಲಿಲ್ಲ. ಕೂತ್ರೆ ಅಲ್ಲೇ ನಿದ್ದೆ ಹೋಗಿಬಿಡ್ತೀನಿ ಅಂದ್ರು.

"ಎರಡು ದಿನ ಇವಳನ್ನ ಇಲ್ಲಿಟ್ಕೊಳ್ಳಿ ಸಿಸ್ಟರ್. ನನಗೆ ಬೇರೇನೂ ಬೇಡ. ನಿದ್ದೆ ಮಾಡಬೇಕು."

ಆರೂ ಹಾಸಿಗೆ ತುಂಬಿತ್ತು. ಅಲ್ಲದೆ ನಿಯಮ ಮಾಡಿದ್ದೇ ಅಕ್ಕ. ನೋವು ಹತೋಟಿಗೆ ಬರದೇ ಇರೋರಿಗೆ, ಕೊನೇ ದಿನ ಎಣಿಸ್ತಿರೋರಿಗೆ ಮಾತ್ರ ಹಾಸಿಗೆ. ನೋಡಿಕೊಳ್ಳೋರಿಗೆ ಸುಸ್ತಾಗಿದೆ ಅಂತ ಕೊಡೋಕೆ ಹೋದ್ರೆ ನಲವತ್ತು ಮನೆಯವರೂ ಸಾಲು ನಿಲ್ತಾರೆ.

"ಮುಂದಿನ ವಾರ ನೋಡೋಣ ಅತ್ತಿಗೆ."

"ಸರಿ," ಅಂದ್ರಂತೆ. ಜಗಳ ಇಲ್ಲ, ಅಳು ಇಲ್ಲ. ಗೋಡೆ ಮೇಲಿನ ಗಂಟೆ ನೋಡಿ, "ಹೊತ್ತಾಯ್ತು, ತಿರುಗಿಸಬೇಕು," ಅಂತ ಹೊರಟುಹೋದ್ರು.

ಈಗ ಅದೇ ಅತ್ತಿಗೆ ಫೋನು.

ರಾತ್ರಿ ಮನೆ ಭೇಟಿಗೆ ಒಬ್ಬರೇ ಹೋಗೋ ಹಾಗಿಲ್ಲ. ಇದೂ ಅಕ್ಕನದೇ ನಿಯಮ. ಆದ್ರೆ ಡ್ರೈವರು ಡಾಕ್ಟರನ್ನ ಕರಕೊಂಡು ಎಲ್ಲೋ ದೂರದ ಹಳ್ಳಿಗೆ ಹೋಗಿದ್ದ. ಅವನಿಗೆ ಸಿಗ್ನಲ್ ಇಲ್ಲ. "ಟೀಚರ್ ಮನೇಲಿದೀನಿ, ಅಲ್ಲಿಗೆ ಬಾ," ಅಂತ ಮೆಸೇಜ್ ಹಾಕಿ, ಬಾವಿ ಹಿಂದಿನ ಗಲ್ಲಿಗೆ ತಿರುಗಿದ್ಲು. ಮನೆ ಹತ್ತು ನಿಮಿಷದ ದಾರಿ ಅಷ್ಟೇ.

ಬಾಗಿಲು ತಟ್ಟೋಕೆ ಕೈ ಎತ್ತಿದಳು. ತಟ್ಟಲೇ ಇಲ್ಲ, ಅಷ್ಟರಲ್ಲಿ ಒಳಗಿಂದ ಚಿಲಕ ಸರಿದ ಸದ್ದು. ಟಕ್.

ಅತ್ತಿಗೆ ನಿಂತಿದ್ರು. ತಲೆ ಮೇಲೆ ಶಾಲು. ಹಿಂದೆ ಒಂದು ಚಿಕ್ಕ ಬಲ್ಬು, ಮುಖ ಸರಿಯಾಗಿ ಕಾಣಲ್ಲ. ಬಟ್ಟೆ ಅಂಚು ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು.

"ಏನಾಯ್ತು?" ಅಂದ್ಲು ಅಕ್ಕ.

"ಸದ್ದು ಮಾಡಬೇಡಿ," ಅಂತ ಪಿಸುಗುಟ್ಟಿದ್ರು. ಮುಂದೆ ಮುಂದೆ ನಡೆದ್ರು. ಚಪ್ಪಲಿ ಎಳೆದು ನಡೆಯೋ ಸದ್ದು, ಚರ್... ಚರ್... ಟೀಚರ್ ಮಲಗೋ ಕೋಣೆ ಬಾಗಿಲು ತೆಗೆದು ಪಕ್ಕಕ್ಕೆ ಸರಿದ್ರು. ಅಕ್ಕ ಒಳಗೆ ಹೋದ್ಲು. ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ತು.

ಮೊದಲು ಬಡಿದದ್ದು ವಾಸನೆ. ಹಾಸಿಗೆ ಬದಲಾಯಿಸಿಲ್ಲ ಅಂತ ನರ್ಸಿಗೆ ಮೂಗೇ ಹೇಳುತ್ತೆ. ಬೆನ್ನು ಹುಣ್ಣಾಗದಿರಲಿ ಅಂತ ಕೊಟ್ಟಿದ್ದ ಗಾಳಿ ಹಾಸಿಗೆಯ ಪಂಪು ಮೂಲೇಲಿ ಗೊರ್... ಗೊರ್... ಅಂತಿತ್ತು. ಟೀಚರ್ ಬೆನ್ನ ಮೇಲೆ ಮಲಗಿದ್ರು. ತುಟಿ ಒಡೆದು ಕರ್ರಗಾಗಿತ್ತು. ಕಣ್ಣು ಮಾತ್ರ ಬಾಗಿಲ ಕಡೆ.

"ನೀರು," ಅಂದ್ರು.

ಅಕ್ಕ ತನ್ನ ಬ್ಯಾಗಿಂದ ಬಾಟಲಿ ತೆಗೆದು ಹತ್ತಿ ಅದ್ದಿ ತುಟಿ ಒರೆಸಿದ್ಲು. ಆಮೇಲೆ ಚಮಚದಲ್ಲಿ ಗುಟುಕು ಗುಟುಕಾಗಿ ಹಾಕಿದ್ಲು. ಗಂಟಲಲ್ಲಿ ಗುಳಕ್... ಗುಳಕ್... ಟೀಚರ್ ಸುಧಾರಿಸಿಕೊಂಡು ಕೇಳಿದ್ರು.

"ಬಾಗಿಲು ಯಾರು ತೆಗೆದದ್ದು?"

"ಅತ್ತಿಗೆ."

ಟೀಚರ್ ಅವಳ ಮುಖಾನೇ ನೋಡಿದ್ರು.

"ಅತ್ತಿಗೆ ಬಿದ್ದಿದಾರೆ ಸಿಸ್ಟರ್. ನಿನ್ನೆ ಬೆಳಗ್ಗೆ. ಬಚ್ಚಲಲ್ಲಿ. ಧಡ್ ಅಂತ ಕೇಳಿಸ್ತು... ಒಂದೇ ಸಲ. ಆಮೇಲೆ ನಲ್ಲಿ ಸುರೀತಾನೇ ಇತ್ತು. ಸಂಜೆವರೆಗೂ ಸುರೀತು. ಟ್ಯಾಂಕ್ ಖಾಲಿಯಾಗಿ ನಿಲ್ತು. ಆಮೇಲೆ ಏನೂ ಸದ್ದಿಲ್ಲ."

ಅಕ್ಕ ಚಮಚ ಕೆಳಗಿಟ್ಲು. ಆದ್ರೂ ಅವಳು ನರ್ಸು. ಮೊದಲು ಬಂದ ಯೋಚನೆ, ಔಷಧಿ ತಲೆಗೇರಿ ಏನೇನೋ ಮಾತಾಡ್ತಿದಾರೆ ಅಂತ. ಗೋಡೆಗೆ ಅಂಟಿಸಿದ್ದ ಚಾರ್ಟು ನೋಡಿದ್ಲು. ಅತ್ತಿಗೆ ಮಾತ್ರೆ ಕೊಟ್ಟಾಗೆಲ್ಲ ಹಾಕೋ ಗೆರೆ, ಸಾಲಾಗಿ, ಒಂದೂ ತಪ್ಪದೆ. ಕೊನೇ ಗೆರೆ ನಿನ್ನೆ ಬೆಳಗ್ಗೆ ಆರಕ್ಕೆ. ಆಮೇಲೆ ಖಾಲಿ. ಮಾತ್ರೆ ಡಬ್ಬಿ ಕಪಾಟಿನ ಮೇಲಿತ್ತು. ಹಾಸಿಗೆಯಿಂದ ಎರಡು ಮಾರು ದೂರ. ಟೀಚರ್ ಅದನ್ನ ನೋಡ್ತಾ ನೋಡ್ತಾ ಎರಡು ಹಗಲು, ಒಂದೂವರೆ ರಾತ್ರಿ ಮಲಗಿದ್ರು.

ಅಕ್ಕ ಎದ್ದು ಬಾಗಿಲಿಗೆ ಹೋದ್ಲು. ತಳ್ಳಿದ್ಲು.

ಬಾಗಿಲು ಒಂದು ಬೆರಳಷ್ಟು ಹೋಯ್ತು. ಆಮೇಲೆ... ವಾಪಸ್ ಬಂತು.

ಚಿಲಕ ಹಾಕಿದ ಬಾಗಿಲು ಹಾಗೆ ಮಾಡಲ್ಲ. ಚಿಲಕ ಹಾಕಿದ್ರೆ ಗಟ್ಟಿ ನಿಲ್ಲುತ್ತೆ. ಇದು ಮೆತ್ತಗೆ ಹೋಗಿ ಮೆತ್ತಗೆ ಬಂತು. ಆ ಕಡೆ ಯಾರೋ ನೆಲದ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟಿದ್ರೆ ಹೇಗೋ, ಹಾಗೆ.

ಹೆಗಲು ಕೊಟ್ಟು ತಳ್ಳಿದ್ಲು. ಬೆರಳಷ್ಟು ಹೋಯ್ತು. ವಾಪಸ್ ಬಂತು.

"ಅತ್ತಿಗೆ?" ಅಂದ್ಲು. ದನಿ ತನ್ನದೇ ಅನ್ನಿಸಲಿಲ್ಲವಂತೆ.

ಕಿಟಕಿಗೆ ಓಡಿದ್ಲು. ಕಬ್ಬಿಣದ ಸರಳು, ಆಚೆ ಒಂದು ಕುರುಡು ಗೋಡೆ. ಕೂಗೋಕೆ ಬಾಯಿ ತೆಗೆದ್ಲು.

"ಕೂಗಬೇಡಿ," ಅಂದ್ರು ಟೀಚರ್. "ನಾನು ಎಲ್ಲಾ ಕೂಗಿ ಆಗಿದೆ. ಪಕ್ಕದ ಮನೆಗೆ ಬೀಗ."

ಫೋನ್ ತೆಗೆದ್ಲು. ಚಾರ್ಜು ಕೆಂಪಲ್ಲಿತ್ತು. ಡ್ರೈವರ್ ಸಿಗಲಿಲ್ಲ. ವಾರ್ಡಿನಲ್ಲಿದ್ದ ನರ್ಸಿಗೆ ಮಾಡಿದ್ರೆ ಎತ್ತಲಿಲ್ಲ, ಯಾವ ರೋಗಿ ಪಕ್ಕ ಇದ್ದಳೋ. ಆಗ ಅಕ್ಕನಿಗೆ ಏನನ್ನಿಸ್ತೋ... ತನಗೆ ಬಂದ ಫೋನಿಗೇ ವಾಪಸ್ ಒತ್ತಿದ್ಲು.

ಬಚ್ಚಲ ಕಡೆ ರಿಂಗಾಯ್ತು.

ನೆಲಕ್ಕೆ ತಾಗಿ ಅದುರೋ ಸದ್ದು. ಗುರ್ರ್... ಗುರ್ರ್... ಕಲ್ಲಿನ ಮೇಲೆ ಜಾರ್ತಾ ಇರೋ ಹಾಗೆ. ನಾಲ್ಕು ಸಲ. ಐದು. ಆರು. ಆಮೇಲೆ ನಿಲ್ತು.

ಅಕ್ಕ ಕೈಲಿದ್ದ ಫೋನು ನೋಡಿದ್ಲು. ಕಟ್ಟಾಗಿರಲಿಲ್ಲ. ಯಾರೋ ಎತ್ತಿದ್ರು. ಸೆಕೆಂಡು ಓಡ್ತಿತ್ತು.

ಕಿವಿಗೆ ಹಿಡಿದ್ಲು. ಮೊದಲು ನೀರಿನ ಸದ್ದು. ತಟ್... ತಟ್... ಆಮೇಲೆ ಅದೇ ಪಿಸುದನಿ.

"ಗಂಟೆ ಹನ್ನೆರಡು. ಮಗ್ಗುಲು ತಿರುಗಿಸಿ."

ಫೋನ್ ಆರಿಹೋಯ್ತು. ಗೋಡೆ ಮೇಲಿನ ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು.

ನಾನಾಗಿದ್ರೆ ಮೂರ್ಛೆ ಹೋಗ್ತಿದ್ದೆ. ಅಕ್ಕ ಏನು ಮಾಡಿದ್ಲು ಗೊತ್ತಾ? ತಿರುಗಿಸಿದ್ಲು. ಹೆದರಿಕೆಯಲ್ಲಿ ತಲೆ ಓಡಲಿಲ್ಲ, ಕೈಗೆ ಗೊತ್ತಿದ್ದ ಕೆಲಸ ಕೈ ಮಾಡ್ತು ಅಂತಾಳೆ. ಒದ್ದೆ ಹಾಸು ಎಳೆದುಹಾಕಿ, ಕಪಾಟಲ್ಲಿದ್ದ ಒಣ ಹಾಸು ಹಾಸಿ, ಬಾಟಲೀಲಿ ಉಳಿದ ನೀರಲ್ಲೇ ಮೈ ಒರೆಸಿದ್ಲು. ಬೆನ್ನು ಕೆಂಪಾಗಿ ಎರಡು ಕಡೆ ಚರ್ಮ ಒಡೆದಿತ್ತು. ಎಡಕ್ಕೆ ತಿರುಗಿಸಿ ದಿಂಬು ಆನಿಸಿದ್ಲು. ಮಾರ್ಫಿನ್ ಇಷ್ಟು ಹೊತ್ತು ತಪ್ಪಿದ ಮೇಲೆ ಪೂರ್ತಿ ಕೊಡೋ ಹಾಗಿಲ್ಲ ಅಂತ ಮಾತ್ರೆ ಅರ್ಧ ಮಾಡಿ ಕೊಟ್ಲು. ಕೊಟ್ಟು, ಚಾರ್ಟಿನಲ್ಲಿ ಗೆರೆ ಹಾಕಿದ್ಲು.

ಗೆರೆ ಹಾಕಿದ ಕೂಡಲೇ ಬಾಗಿಲ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯ್ತು. ಹೂಂ... ಅಂತ.

ಆಮೇಲೆ ಎದ್ದು ಓಡಾಡೋ ಸದ್ದು. ಚರ್... ಚರ್... ಅಡುಗೆಮನೆವರೆಗೆ. ಅಲ್ಲಿಂದ ವಾಪಸ್. ಚರ್... ಚರ್... ಆ ಸದ್ದು ದೂರ ಹೋದಾಗ ಅಕ್ಕ ಬೆಕ್ಕಿನ ಹೆಜ್ಜೆ ಹಾಕಿ ಬಾಗಿಲಿಗೆ ಬಂದ್ಲು. ತಳ್ಳಿದ್ಲು. ಬೆರಳಷ್ಟು ಹೋಯ್ತು... ವಾಪಸ್ ಬಂತು.

ಸದ್ದು ಅಷ್ಟು ದೂರ ಇದ್ದಾಗಲೂ.

ಎರಡು ಗಂಟೆಗೆ ಬಾಗಿಲ ಮೇಲೆ ಟಕ್, ಟಕ್. ಅಕ್ಕ ಎದ್ದು ಟೀಚರನ್ನ ಬಲಕ್ಕೆ ತಿರುಗಿಸಿದ್ಲು. ಅವಳೂ ಬೆಳಗ್ಗೆ ಆರಕ್ಕೆ ಎದ್ದವಳು. ಕಣ್ಣು ಎಳೀತಿತ್ತು. ಕುರ್ಚಿ ಇರಲಿಲ್ಲ, ನೆಲದ ಮೇಲೆ ಒಂದು ತೆಳು ಚಾಪೆ ಇತ್ತು, ಅತ್ತಿಗೆ ಮಲಗ್ತಿದ್ದದ್ದು. ಅದರ ಮೇಲೆ ಕೂತ್ಲು. ರೆಪ್ಪೆ ಮುಚ್ಚಿದ್ರೆ ಸಾಕು, ಪಂಪಿನ ಗೊರ್ ಗೊರ್ ತಲೆಯೊಳಗೆ ಬಂದು ಎಬ್ಬಿಸ್ತಿತ್ತು. ಹೋಗೋ ಹಾಗಿಲ್ಲ, ಮಲಗೋ ಹಾಗಿಲ್ಲ. ಮುಂದಿನ ಗಂಟೆ ಕಾಯಬೇಕು, ಅಷ್ಟೇ. ಒಂದು ರಾತ್ರಿಗೇ ಹೀಗೆ.

ಮಂದ ಬೆಳಕಲ್ಲಿ ಟೀಚರ್ ಮಾತಾಡಿದ್ರು. ನೋವು ಇಳಿದಿತ್ತು, ದನಿ ತಿಳಿಯಾಗಿತ್ತು.

"ಅವರು ನನ್ನನ್ನ ಬಿಟ್ಟು ಎಲ್ಲೂ ಹೋದವರಲ್ಲ ಸಿಸ್ಟರ್."

"ಗೊತ್ತು ಟೀಚರ್."

"ನಿಮಗೆ ಗೊತ್ತಿಲ್ಲ. ಹೋಗೋಕೆ ನಾನು ಬಿಟ್ಟಿಲ್ಲ. ಒಬ್ಬ ಆಯಾನ ಇಟ್ಕೊಳ್ಳೋಣ ಅಂದ್ರು. ಬೇರೆಯವರು ಮೈ ಮುಟ್ಟಿದ್ರೆ ನನಗಾಗಲ್ಲ ಅಂತ ಹಟ ಮಾಡ್ದೆ. ಬಿದ್ದ ದಿನ ಬೆಳಗ್ಗೆ ಅವರು ಹಲ್ಲುಜ್ಜುತ್ತಾ ನಿಂತಲ್ಲೇ ನಿದ್ದೆ ಮಾಡ್ತಿದ್ರು. ನಾನು... ಬೇಗ ಬನ್ನಿ ಅಂತ ಗದರಿದೆ."

ಅಕ್ಕನ ಬಾಯಲ್ಲೂ ಒಂದು ಮಾತು ಸಿಕ್ಕಿಕೊಂಡಿತ್ತು. ಮುಂದಿನ ವಾರ ನೋಡೋಣ ಅಂದವಳು ಅವಳೇ ತಾನೆ.

ನಾಲ್ಕು ಗಂಟೆ. ಟಕ್, ಟಕ್.

ಮತ್ತೆ ತಿರುಗಿಸಿದ್ಲು. ಈ ಸಲ ಬಾಗಿಲ ಆಚೆ ಓಡಾಟ ಶುರುವಾಗಲಿಲ್ಲ. ಹಲಗೆ ಮೇಲೆ ಬಟ್ಟೆ ಉಜ್ಜಿದ ಸದ್ದು, ಸರ್ರ್... ಅಂತ ಮೇಲಿಂದ ಕೆಳಗೆ. ಯಾರೋ ಬೆನ್ನು ಜಾರಿಸಿ ಕೂತ್ರು. ಬಾಗಿಲ ಕೆಳಗಿನ ಸಂದೀಲಿ ನೆರಳು ಬಿತ್ತು.

ಅಕ್ಕ ಹೋಗಿ ಬಾಗಿಲ ಈಚೆ ಕೂತ್ಲು. ಅವಳೂ ಬೆನ್ನು ಕೊಟ್ಟೇ ಕೂತ್ಲು. ನಡುವೆ ಒಂದು ಹಲಗೆ. ತಣ್ಣಗೆ ಕೊರೀತಿತ್ತಂತೆ ಆ ಹಲಗೆ.

"ಅತ್ತಿಗೆ," ಅಂದ್ಲು ಮೆಲ್ಲಗೆ. "ನನ್ನ ತಪ್ಪಾಯ್ತು."

ತಲೆಯನ್ನ ಹಲಗೆಗೆ ಆನಿಸಿ ಮತ್ತೆ ಹೇಳಿದ್ಲು.

"ನಿನ್ನೆ ಸಂಜೆ ಒಂದು ಹಾಸಿಗೆ ಖಾಲಿಯಾಗಿದೆ. ಬೆಳಗಾದ ಕೂಡಲೇ ಇವರನ್ನ ಕರಕೊಂಡು ಹೋಗ್ತೀನಿ. ಮಧ್ಯದಲ್ಲಿ ಮನೆಗೆ ಕಳಿಸಲ್ಲ. ಎರಡು ಗಂಟೆಗೊಮ್ಮೆ ತಿರುಗಿಸ್ತೀವಿ. ಒಂದು ಗಂಟೇನೂ ತಪ್ಪಿಸಲ್ಲ."

ಸಂದಿಯ ನೆರಳು ಕದಲಲಿಲ್ಲ.

"ನೀವು ಇನ್ನು ಎದ್ದಿರಬೇಕಾಗಿಲ್ಲ. ನಾನಿದೀನಿ. ಮಲಗಿ ಅತ್ತಿಗೆ."

ತುಂಬಾ ಹೊತ್ತಾದ ಮೇಲೆ ಪಿಸುದನಿ ಬಂತು. ಬೆನ್ನ ಹಿಂದೆಯೇ, ಕಿವಿ ಹತ್ತಿರ.

"ಆರಕ್ಕೆ ಮಾತ್ರೆ..."

"ಕೊಡ್ತೀನಿ."

ಅಕ್ಕ ಅಲ್ಲಿಂದ ಏಳಲಿಲ್ಲ. ಕಿಟಕಿ ಆಚೆ ಕುರುಡು ಗೋಡೆ ಬೂದಿ ಬಣ್ಣಕ್ಕೆ ತಿರುಗ್ತು. ಆರಕ್ಕೆ ಎದ್ದು ತಿರುಗಿಸಿ, ಮಾತ್ರೆ ಕೊಟ್ಟು, ಗೆರೆ ಹಾಕಿದ್ಲು. ಪೆನ್ನು ಕೆಳಗಿಟ್ಟಳು ನೋಡಿ, ಕಿರ್... ಅಂತ ಬಾಗಿಲು ತಾನೇ ಒಂದು ಗೇಣು ತೆರೆದುಕೊಳ್ತು. ಆ ಕಡೆ ಯಾರೂ ಇಲ್ಲ. ಆ ಬಾಗಿಲಿಗೆ ಹೊರಗಡೆ ಚಿಲಕವೇ ಇರಲಿಲ್ಲ. ಮೊದಲಿಂದಲೂ ಇರಲಿಲ್ಲವಂತೆ, ಟೀಚರ್ ಹೇಳಿದ್ರು.

ಅತ್ತಿಗೆ ಬಚ್ಚಲಲ್ಲಿದ್ರು. ಬೋರಲು ಬಿದ್ದಿದ್ರು. ತಣ್ಣಗಿದ್ರು. ತಲೆ ಮೇಲೆ ಅದೇ ಶಾಲು.

ಅಷ್ಟು ಹೊತ್ತಿಗೆ ಮೆಸೇಜ್ ನೋಡಿ ಡ್ರೈವರೂ ಡಾಕ್ಟರೂ ವ್ಯಾನ್ ತಗೊಂಡು ಬಂದ್ರು. ಡಾಕ್ಟರ್ ನೋಡಿ ಹೇಳಿದ್ರು, ಹೃದಯ ನಿಂತಿದೆ, ಎರಡು ದಿನದ ಹತ್ತಿರ ಆಗಿದೆ. ಅಕ್ಕ ಎಲ್ಲಾ ಹೇಳಿದ್ಲು. ಅವರು ನಗಲಿಲ್ಲ, ವಾದ ಮಾಡಲಿಲ್ಲ. "ನಿದ್ದೆಗೆಟ್ಟು ಏನೇನೋ ಕಂಡಿರುತ್ತೆ," ಅಂದ್ರು. ಅಂದು, ಆಮೇಲೆ ಆ ಕೋಣೆ ಬಾಗಿಲನ್ನ ತಾವೇ ನಾಲ್ಕು ಸಲ ತೆಗೆದು ಮುಚ್ಚಿ ನೋಡಿದ್ರು.

ಟೀಚರನ್ನ ವಾರ್ಡಿಗೆ ತಂದ್ರು. ಎಂಟು ದಿನ ಇದ್ರು. ಬೆನ್ನಿನ ಗಾಯ ಒಣಗ್ತಾ ಬಂದಿತ್ತು. ಎಂಟನೇ ದಿನ ಮಧ್ಯಾಹ್ನ, ಮಾತಾಡ್ತಾ ಮಾತಾಡ್ತಾ, ನೋವಿಲ್ಲದೆ ಹೋದ್ರು. ಅಕ್ಕ ಪಕ್ಕದಲ್ಲೇ ಇದ್ಲು.

ಅದಾದ ಮೇಲೆ ಅಕ್ಕ ತನ್ನ ನಿಯಮ ಹರಿದುಹಾಕಿದ್ಲು. ಆರರಲ್ಲಿ ಒಂದು ಹಾಸಿಗೆ ಈಗ ಯಾವಾಗಲೂ ಬೇರೆ. ನೋಡಿಕೊಳ್ಳೋರು ಮಲಗಬೇಕು ಅಂದಾಗ ಅವರ ರೋಗಿಯನ್ನ ತಂದಿಡೋಕೆ. ಡಾಕ್ಟರ್ ಜಗಳ ಆಡಿದ್ರು, ಹೊರಗೆ ಇಷ್ಟು ಜನ ಕಾಯ್ತಿರುವಾಗ ಒಂದು ಹಾಸಿಗೆ ಖಾಲಿ ಇಡೋದು ಪಾಪ ಅಂದ್ರು. ಅಕ್ಕ ಜಗ್ಗಲಿಲ್ಲ. ದಿನಾ ಬೆಳಗ್ಗೆ ಒಬ್ಬ ನರ್ಸು ನಲವತ್ತು ಮನೆಗೂ ಫೋನ್ ಮಾಡ್ತಾಳೆ. ರೋಗಿ ಹೇಗಿದಾರೆ ಅಂತ ಅಲ್ಲ. "ನೀವು ಹೇಗಿದೀರಿ? ರಾತ್ರಿ ಮಲಗಿದ್ರಾ?" ಅಂತ.

ಇಷ್ಟೂ ಅಕ್ಕ ಹೇಳಿದ್ದು. ಅವಳು ಸುಳ್ಳು ಹೇಳೋಳಲ್ಲ. ಆದ್ರೂ ನಿದ್ದೆಗೆಟ್ಟ ಕಣ್ಣು ಅಂತ ನೀವು ಅನ್ನಬಹುದು, ನಾನೂ ಅಂದುಕೊಂಡಿದ್ದೆ.

ಇನ್ನು ಹೇಳೋದು ನಾನೇ ಕಂಡದ್ದು.

ಟೀಚರ್ ವಾರ್ಡಿನಲ್ಲಿದ್ದಾಗ ಒಂದು ಬೆಳಗ್ಗೆ ನಾನು ಅಕ್ಕನಿಗೆ ಬಟ್ಟೆ ಕೊಡೋಕೆ ಹೋಗಿದ್ದೆ. ಅಲ್ಲಿ ಪ್ರತಿ ಹಾಸಿಗೆ ಪಕ್ಕ ರೋಗಿ ಕಡೆಯವರಿಗೆ ಅಂತ ಒಂದು ಮಡಚೋ ಮಂಚ ಇರುತ್ತೆ. ಟೀಚರಿಗೆ ಯಾರೂ ಇರಲಿಲ್ಲವಲ್ಲ, ಅವರ ಪಕ್ಕದ ಮಂಚಾನ ರಾತ್ರಿ ವಾರ್ಡಿನ ಆಯಾ ಮಡಚಿ ಗೋಡೆಗೆ ಒರಗಿಸಿ ಇಡ್ತಿದ್ಲು. ನಾನು ಹೋದಾಗ ಅವಳು ಗೊಣಗ್ತಾ ಇದ್ಲು.

"ಯಾರು ದಿನಾ ಇದನ್ನ ಬಿಚ್ಚಿ ಮಲಗೋದು? ಬಂದ ದಿನದಿಂದ ನೋಡ್ತಿದೀನಿ."

ಮಂಚ ಬಿಚ್ಚಿತ್ತು. ಹಾಸು ಸುಕ್ಕಾಗಿತ್ತು. ಹೊದಿಕೆ ಒಂದು ಕಡೆಗೆ ಸರಿದಿತ್ತು. ದಿಂಬಿನ ಮಧ್ಯೆ ತಲೆ ಇಟ್ಟ ಗುಳಿ. ಒಂದೇ ಮಗ್ಗುಲಲ್ಲಿ, ಕದಲದೆ, ರಾತ್ರಿಯೆಲ್ಲಾ ಮಲಗಿದ ಹಾಗೆ ಆಳವಾಗಿತ್ತು. ಟೀಚರ್ ಆ ಕಡೆಗೇ ಮುಖ ಮಾಡಿ ಮಲಗಿದ್ರು. ನನ್ನ ನೋಡಿ, ಶ್... ಅಂದ್ರು.

ನಾನು ಆ ಗುಳಿ ಮೇಲೆ ಕೈ ಇಟ್ಟೆ. ಯಾಕಿಟ್ಟೆನೋ ಗೊತ್ತಿಲ್ಲ, ಆದ್ರೆ ಇಟ್ಟೆ. ಈ ಕೈ, ನೋಡಿ, ಇದೇ ಕೈ.

ಬೆಚ್ಚಗಿತ್ತು.